ನಾಲ್ಕು ಮೂಲೆಯೂ ಒಟ್ಟಿಗೆ ಇಳಿಯಬೇಕು: ಮೋಟಾರ್‌ಹೋಮಿನ ಡ್ರಾಪ್‌ಡೌನ್ ಮಂಚದ ಆರೈಕೆ, ಹೊಂದಾಣಿಕೆ

ಮೋಟಾರ್‌ಹೋಮಿನ, ಅಂದರೆ ಒಳಗೇ ಮಲಗಿ ಊಟ ಮಾಡಬಹುದಾದ ಪ್ರವಾಸದ ಗಾಡಿಯ, ಚಾವಣಿಗೆ ಅಂಟಿಕೊಂಡಿರುವ ಮಂಚ ಇಳಿಯುವಾಗ ಕಿರುಗುಟ್ಟಿದರೆ, ಒಂದು ಮೂಲೆ ತಗ್ಗಾಗಿ ನಿಂತರೆ, ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ, ಹೆಚ್ಚಿನವರು ಮೊದಲು ಅನುಮಾನಿಸುವುದು ಮೋಟಾರನ್ನು. ನಾನು ಕೆಲಸದಲ್ಲಿದ್ದಷ್ಟು ಕಾಲ ಕಟ್ಟಡಗಳ ಲಿಫ್ಟ್ ದುರಸ್ತಿ ಮಾಡಿದವನು. ನಿವೃತ್ತಿಯಾದ ಮೇಲೆ ನಾನೂ ನನ್ನಾಕೆಯೂ ಇಂಥದೊಂದು ಗಾಡಿಯಲ್ಲಿ ಓಡಾಡುತ್ತೇವೆ, ಚಾವಣಿಯಿಂದ ಇಳಿಯುವ ಮಂಚದ ಮೇಲೇ ಮಲಗುತ್ತೇವೆ. ಲಿಫ್ಟ್ ಕಲಿಸಿದ ಒಂದು ವಿಷಯ ಈ ಮಂಚಕ್ಕೂ ಹಾಗೇ ಅನ್ವಯಿಸುತ್ತದೆ. ಎತ್ತುವ ಶಕ್ತಿ ತಾನಾಗಿ ಕೆಡುವುದು ಕಡಿಮೆ. ಎತ್ತಲ್ಪಡುವ ಚೌಕಟ್ಟು ಓರೆಯಾದಾಗ ಆ ಶಕ್ತಿಗೆ ಭಾರ ಹೆಚ್ಚುತ್ತದೆ, ಆಮೇಲೆ ಒಂದೊಂದೇ ಭಾಗ ಸವೆಯುತ್ತದೆ. ಮೇಜಿನ ಡ್ರಾಯರನ್ನು ಒಂದೇ ಬದಿ ಹಿಡಿದು ಎಳೆದರೆ ಹೇಗೆ ಕಚ್ಚಿಕೊಳ್ಳುತ್ತದೋ ಮಂಚವೂ ಹಾಗೆಯೇ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಾಲ್ಕು ಮೂಲೆಗಳನ್ನು ಒಂದೇ ಮಟ್ಟದಲ್ಲಿ, ಒಂದೇ ಬಿಗಿಯಲ್ಲಿ ಇಟ್ಟುಕೊಳ್ಳುವುದರ ಬಗ್ಗೆ.

ನಿಮ್ಮ ಮಂಚ ಯಾವ ಬಗೆಯದು

ಮುಖ್ಯವಾಗಿ ಎರಡು ಬಗೆ. ಕೈಯಿಂದ ಎಳೆದು ಇಳಿಸುವ ಮಂಚ ಸಾಮಾನ್ಯವಾಗಿ ಚಾಲಕನ ಸೀಟಿನ ಮೇಲೆ ಇರುತ್ತದೆ. ಎರಡೂ ಪಕ್ಕದಲ್ಲಿ ಕತ್ತರಿಯಂತೆ ಮಡಚುವ ತೋಳುಗಳು, ಅವುಗಳಿಗೆ ನೆರವಾಗಿ ಗ್ಯಾಸ್ ಸ್ಟ್ರಟ್ (ಒಳಗಿನ ಅನಿಲದ ಒತ್ತಡದಿಂದ ಚಾಚಿಕೊಳ್ಳುವ ದಂಡವಿರುವ ಕೊಳವೆ) ಅಥವಾ ಸ್ಪ್ರಿಂಗ್. ವಿದ್ಯುತ್ತಿನಿಂದ ಇಳಿಯುವುದು ಸಾಮಾನ್ಯವಾಗಿ ಕೂರುವ ಜಾಗದ ಮೇಲೆ. 12 ವೋಲ್ಟ್ ಮೋಟಾರು ಒಂದು ದಂಡವನ್ನು ತಿರುಗಿಸುತ್ತದೆ, ದಂಡಕ್ಕೆ ಬೆಲ್ಟುಗಳು ಸುತ್ತಿಕೊಂಡು ಮಂಚ ಮೇಲೇರುತ್ತದೆ. ಕೆಲವು ಗಾಡಿಗಳಲ್ಲಿ ಬೆಲ್ಟಿನ ಬದಲು ಸಣ್ಣ ಉಕ್ಕಿನ ಹಗ್ಗವೂ ರಾಟೆಗಳೂ ಇರುತ್ತವೆ. ಇನ್ನು ಕೆಲವದರಲ್ಲಿ ಗೋಡೆಗೆ ಕೂರಿಸಿದ ಹಳಿ, ಹಲ್ಲುಪಟ್ಟಿ ಇರುತ್ತವೆ. ಗಾಡಿಯ ಕೈಪಿಡಿಯಲ್ಲಿ ಇದು ಬರೆದಿರುತ್ತದೆ. ಇಲ್ಲದಿದ್ದರೆ ಮಂಚವನ್ನು ಅರ್ಧಕ್ಕೆ ಇಳಿಸಿ, ಟಾರ್ಚ್ ಹಿಡಿದು ನಾಲ್ಕೂ ಮೂಲೆ ನೋಡಿ.

ಆ ಕೈಪಿಡಿಯಲ್ಲಿ ಎರಡು ತೂಕದ ಅಂಕಿ ಹುಡುಕಿ. ಒಂದು, ಮಂಚ ಇಳಿದು ನಿಂತಾಗ ಹೊರಬಲ್ಲ ಭಾರ. ಇನ್ನೊಂದು, ಮೇಲೇರುವಾಗ ಎತ್ತಬಲ್ಲ ಭಾರ. ಎರಡನೆಯದು ಮೊದಲನೆಯದಕ್ಕಿಂತ ತುಂಬಾ ಕಡಿಮೆ. ಇಬ್ಬರು ಮಲಗಬಹುದಾದ ಮಂಚ ಒಬ್ಬರನ್ನು ಹೊತ್ತು ಮೇಲೇರಲೆಂದು ಮಾಡಿದ್ದಲ್ಲ. ಮಗು ಕೂತಿದೆ, ಸ್ವಲ್ಪ ಮೇಲೆತ್ತೋಣ ಅನ್ನುವ ಆಟ ಬೇಡ.

ಕೈ ಹಾಕುವ ಮುಂಚೆ

ತೂಗುವ ಭಾರದ ಕೆಳಗೆ ತಲೆ ಇಡಬಾರದು. ಲಿಫ್ಟಿನ ಅಡಿಯ ಗುಂಡಿಯೊಳಗೆ ಇಳಿದು ಕೆಲಸ ಮಾಡಿದ ಯಾರನ್ನು ಕೇಳಿದರೂ ಇದನ್ನೇ ಮೊದಲು ಹೇಳುತ್ತಾರೆ. ಬೆಲ್ಟು ಎಷ್ಟೇ ಹೊಸದಾಗಿರಲಿ, ಮಂಚದ ಕೆಳಗೆ ಕೆಲಸವಿದ್ದರೆ ಆಸರೆ ಕೊಟ್ಟ ಮೇಲೇ ಒಳಗೆ ಹೋಗಿ. ಮಂಚದ ಚೌಕಟ್ಟಿಗೂ ನೆಲಕ್ಕೂ ನಡುವೆ ಸರಿಯಾದ ಎತ್ತರಕ್ಕೆ ಕತ್ತರಿಸಿದ ಎರಡು ಗಟ್ಟಿ ಮರದ ಕಂಬಗಳನ್ನು ನಾನು ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ. ತುದಿಗಳಿಗೆ ರಬ್ಬರ್ ಅಂಟಿಸಿದ್ದೇನೆ, ಜಾರುವುದಿಲ್ಲ. ಸೀಟಿನ ಕುಷನ್ನಿಗೆ, ಊಟದ ಮೇಜಿಗೆ ಆಸರೆ ಕೊಡಬೇಡಿ. ಅವು ಬಾಗುತ್ತವೆ.

ವಿದ್ಯುತ್ ಮಂಚವಾದರೆ ಆಸರೆ ಕೊಟ್ಟ ತಕ್ಷಣ ಅದರ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೀಲಿ ಇರುವ ಸ್ವಿಚ್ಚಾದರೆ ಕೀಲಿಯೂ ಜೇಬಿನಲ್ಲಿರಲಿ. ನೀವು ಬೆರಳನ್ನು ರಾಟೆಯ ಹತ್ತಿರ ಇಟ್ಟಿರುವಾಗ ಹೊರಗಿನಿಂದ ಬಂದ ಯಾರೋ ಗುಂಡಿ ಒತ್ತುವ ಸಾಧ್ಯತೆಯನ್ನೇ ಉಳಿಸಬಾರದು. ಕತ್ತರಿ ತೋಳಿನ ಮಂಚದಲ್ಲಿ ತೋಳುಗಳ ನಡುವೆ ಬೆರಳು ಸಿಕ್ಕಿಕೊಳ್ಳುವ ಅಪಾಯ ದೊಡ್ಡದು. ಅಲ್ಲಿ ಕೆಲಸವಿದ್ದರೆ ಮೊದಲು ಒಂದು ಮರದ ತುಂಡನ್ನು ತೋಳುಗಳ ನಡುವೆ ಅಡ್ಡ ಇಡಿ.

ಅಳತೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ರಸಮಟ್ಟ ಬೇಕಾಗುವುದು ಇಲ್ಲಿ ಮಾತ್ರ, ಗಾಡಿಯ ನೆಲದ ಮೇಲೆ. ಮಂಚದ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡಿ ಬೆಲ್ಟು ಬಿಗಿಮಾಡುವುದು ಬಹಳ ಕಡೆ ನಡೆಯುತ್ತದೆ. ಗಾಡಿ ಒಂದು ಗಾಲಿಯ ಕಡೆ ತಗ್ಗಿದ್ದರೆ ನೆಟ್ಟಗಿರುವ ಮಂಚವೂ ಓರೆ ಕಾಣುತ್ತದೆ. ಅದನ್ನು ನಂಬಿ ತಿರುಗಿಸಿದರೆ ಸರಿಯಿದ್ದ ಮಂಚ ಕೆಡುತ್ತದೆ. ಮಂಚ ಸಮವಾಗಿರಬೇಕಾದದ್ದು ಗಾಡಿಯ ಮೈಗೆ. ಅದಕ್ಕೆ ಅಳತೆ ಟೇಪೇ ಸಾಕ್ಷಿ.

ಗಾಡಿಯನ್ನು ಅಲುಗದಂತೆ ನಿಲ್ಲಿಸಲು ಮೂಲೆಗಳಲ್ಲಿ ಕಾಲು ಇಳಿಸುತ್ತೀರಲ್ಲ, ಅವುಗಳ ಮೇಲೂ ಕಣ್ಣಿರಲಿ. ಅವು ಅಲುಗಾಟ ತಡೆಯಲು, ಗಾಡಿಯನ್ನು ಎತ್ತಲು ಅಲ್ಲ. ಒಂದು ಕಾಲನ್ನು ಹೆಚ್ಚು ಬಿಗಿಮಾಡಿದರೆ ಗಾಡಿಯ ಮೈ ತುಸು ತಿರುಚುತ್ತದೆ. ಆ ತಿರುಚು ಗೋಡೆಯ ಹಳಿಗಳಿಗೂ ಬರುತ್ತದೆ. ಕೆಲವೇ ಜಾಗಗಳಲ್ಲಿ ನಿಲ್ಲಿಸಿದಾಗ ಮಾತ್ರ ಮಂಚ ಸಿಕ್ಕಿಕೊಳ್ಳುತ್ತದೆ ಅನ್ನುವವರು ಮೊದಲು ಕಾಲುಗಳನ್ನು ಸಡಿಲಿಸಿ ಇನ್ನೊಮ್ಮೆ ಇಳಿಸಿ ನೋಡಿ. ಎಷ್ಟೋ ಸಲ ಬೇರೇನೂ ಮಾಡುವುದೇ ಬೇಕಾಗುವುದಿಲ್ಲ.

ಈಗ ಮಂಚದ ಮೇಲಿನ ಹಾಸಿಗೆ, ಹೊದಿಕೆ ಎಲ್ಲ ತೆಗೆದು ಚೌಕಟ್ಟು ಮಾತ್ರ ಉಳಿಸಿ. ಪೂರ್ತಿ ಮೇಲಿಂದ ಒಂದು ಗೇಣು ಕೆಳಗೆ, ನಡುವೆ, ಪೂರ್ತಿ ಕೆಳಗೆ ಕೂರುವುದಕ್ಕೆ ಸ್ವಲ್ಪ ಮೊದಲು, ಹೀಗೆ ಮೂರು ಎತ್ತರದಲ್ಲಿ ನಿಲ್ಲಿಸಿ, ಪ್ರತಿ ಸಲವೂ ನಾಲ್ಕು ಮೂಲೆಯಿಂದ ನೆಲದವರೆಗೆ ಅಳೆಯಿರಿ. ಚಾವಣಿ ಬಾಗಿರಬಹುದು, ಆದ್ದರಿಂದ ನೆಲವೇ ವಾಸಿ. ನೆಲದಲ್ಲಿ ಮೆಟ್ಟಿಲಿನಂತೆ ಏರಿಳಿತವಿದ್ದರೆ ಗೋಡೆಯ ಮೇಲೆ ಒಂದೇ ಎತ್ತರಕ್ಕೆ ಬಣ್ಣದ ಟೇಪು ಅಂಟಿಸಿ ಅಲ್ಲಿಂದ ಅಳೆಯಿರಿ. ನಮ್ಮಲ್ಲಿ ನನ್ನಾಕೆ ಟೇಪಿನ ಒಂದು ತುದಿ ಹಿಡಿಯುತ್ತಾಳೆ, ಅಂಕಿಗಳನ್ನು ಬರೆಯುವವಳೂ ಅವಳೇ. ಒಬ್ಬರು ಅಳೆದು ಇನ್ನೊಬ್ಬರು ಬರೆಯುವುದೇ ಸರಿ. ಒಬ್ಬರೇ ಮಾಡಿದರೆ ಮನಸ್ಸು ತನಗೆ ಬೇಕಾದ ಅಂಕಿಯನ್ನೇ ಓದುತ್ತದೆ.

ಹನ್ನೆರಡು ಅಂಕಿ ಸಿಕ್ಕಮೇಲೆ ರೋಗ ತಾನಾಗಿ ಗೊತ್ತಾಗುತ್ತದೆ. ಒಂದು ಮೂಲೆ ಮೂರೂ ಎತ್ತರದಲ್ಲಿ ಒಂದೇ ಅಳತೆಯಷ್ಟು ತಗ್ಗಿದ್ದರೆ, ಅದರ ಬೆಲ್ಟು ಅಥವಾ ಹಗ್ಗ ಉದ್ದವಾಗಿದೆ. ಇದಕ್ಕೆ ಹೊಂದಾಣಿಕೆಯೇ ಮದ್ದು. ಮಂಚ ಏರಿದಂತೆ ವ್ಯತ್ಯಾಸವೂ ಬೆಳೆಯುತ್ತಿದ್ದರೆ ತೊಂದರೆ ಸುತ್ತಿನಲ್ಲಿದೆ: ಬೆಲ್ಟು ಮಡಚಿಕೊಂಡು ಸುತ್ತುತ್ತಿದೆ, ಅಥವಾ ಸುರುಳಿ ದಂಡದ ಮೇಲೆ ಜಾರುತ್ತಿದೆ. ಇಲ್ಲಿ ಹೊಂದಾಣಿಕೆಯ ಬೋಲ್ಟು ಎಷ್ಟು ತಿರುಗಿಸಿದರೂ ಒಂದು ಎತ್ತರದಲ್ಲಿ ಸರಿಯಾಗಿ ಇನ್ನೊಂದರಲ್ಲಿ ಕೆಡುತ್ತದೆ. ಒಂದೇ ಒಂದು ಜಾಗದಲ್ಲಿ ಮಾತ್ರ ಮಂಚ ವಾಲುತ್ತಿದ್ದರೆ ಆ ಜಾಗದ ಹಳಿಯಲ್ಲಿ ಕೊಳೆ, ಪೆಟ್ಟು ಅಥವಾ ಹೊರಬಂದ ಸ್ಕ್ರೂ ಹುಡುಕಿ. ಕೆಳಗೆ ಕೂತಾಗ ಮಾತ್ರ ಓರೆಯಿದ್ದರೆ ಮಂಚ ಬಂದು ಕೂರುವ ಆನಿಕೆಗಳನ್ನು ನೋಡಿ. ಅವುಗಳ ರಬ್ಬರ್ ಒಂದು ಕಡೆ ಸವೆದಿರುತ್ತದೆ, ಇಲ್ಲವೇ ಉದುರಿಹೋಗಿರುತ್ತದೆ.

ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಅಳೆಯುವುದನ್ನು ಮರೆಯಬೇಡಿ. ಎರಡೂ ಸಮವಿಲ್ಲದಿದ್ದರೆ ಚೌಕಟ್ಟೇ ಸೊಟ್ಟಗಾಗಿದೆ. ಅದನ್ನು ಮೊದಲು ನೆಟ್ಟಗೆ ಮಾಡಿ, ಮೂಲೆಯ ಬೋಲ್ಟು ಬಿಗಿಮಾಡಿ, ಆಮೇಲೆ ಉಳಿದದ್ದು.

ಬೆಲ್ಟು, ಹಗ್ಗ

ಬೆಲ್ಟುಗಳು ಕಾರಿನ ಸೀಟ್ ಬೆಲ್ಟಿನಂಥದೇ ಪಾಲಿಯೆಸ್ಟರ್ ನೇಯ್ಗೆ. ಪೂರ್ತಿ ಇಳಿಸಿ, ಮೇಲಿಂದ ಕೆಳಗೆ ಎರಡೂ ಮೈ ನೋಡಿ. ಅಂಚಿನ ಎಳೆ ಬಿಚ್ಚಿರುವುದು, ಹೊಲಿಗೆ ಕಿತ್ತಿರುವುದು, ಬೆಲ್ಟು ಬಿರುಸಾಗಿ ಹೊಳೆಯುವುದು, ಇವು ಬದಲಾಯಿಸಬೇಕೆಂಬ ಗುರುತು. ಹೊಳಪು ಬಂದಿದೆಯೆಂದರೆ ಎಲ್ಲೋ ಉಜ್ಜಿ ಬಿಸಿಯಾಗಿದೆ. ಉಜ್ಜುವ ಜಾಗ ಹುಡುಕದೆ ಹೊಸ ಬೆಲ್ಟು ಹಾಕಿದರೆ ಅದೂ ಅಲ್ಲೇ ಸವೆಯುತ್ತದೆ. ಒಂದು ಹೋದರೆ ಎಲ್ಲ ಬದಲಾಯಿಸಿ. ಹಳೆಯ ಮೂರರ ಜೊತೆ ಹೊಸದೊಂದು ಎಂದಿಗೂ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಕೊಳೆಯಾದರೆ ಮೆದು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಬ್ಲೀಚ್, ಪೆಟ್ರೋಲ್, ಎಣ್ಣೆ ಯಾವುದೂ ಬೆಲ್ಟಿಗೆ ತಾಕಬಾರದು.

ಉಕ್ಕಿನ ಹಗ್ಗವಾದರೆ ಬರಿಗೈಯಿಂದ ಸವರಬೇಡಿ. ಒಂದು ಹಳೆಯ ಹತ್ತಿ ಬಟ್ಟೆಯನ್ನು ಹಗ್ಗಕ್ಕೆ ಸುತ್ತಿ ಮೆಲ್ಲಗೆ ಉದ್ದಕ್ಕೂ ಎಳೆಯಿರಿ. ಮುರಿದ ತಂತಿ ಇದ್ದರೆ ಬಟ್ಟೆ ಅಲ್ಲಿ ಕಚ್ಚುತ್ತದೆ. ಹಗ್ಗದ ಸಂದಿಯಿಂದ ಕೆಂಪು ಪುಡಿ ಉದುರುತ್ತಿದ್ದರೆ ಒಳಗೊಳಗೇ ತಂತಿಗಳು ಉಜ್ಜಿ ಸವೆಯುತ್ತಿವೆ. ಇಷ್ಟು ಸಣ್ಣ ಹಗ್ಗದಲ್ಲಿ ಒಂದು ತಂತಿ ಮುರಿದರೂ ನಾನು ಮುಂದಿನ ರಾತ್ರಿಗೆ ಅದನ್ನು ನಂಬುವುದಿಲ್ಲ.

ಸುತ್ತಿನ ತೊಂದರೆ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಅರ್ಧ ತಪ್ಪಿಸಬಹುದು. ಮಂಚ ಆನಿಕೆಯ ಮೇಲೆ ಕೂತ ಮೇಲೂ ಗುಂಡಿ ಒತ್ತಿಯೇ ಇದ್ದರೆ, ಭಾರವಿಲ್ಲದ ಬೆಲ್ಟು ದಂಡದಿಂದ ಸಡಿಲವಾಗಿ ಉದುರುತ್ತದೆ. ಇನ್ನೂ ಒತ್ತಿದರೆ ಅದೇ ಬೆಲ್ಟು ಉಲ್ಟಾ ದಿಕ್ಕಿನಲ್ಲಿ ಸುತ್ತಿಕೊಳ್ಳಲು ತೊಡಗುತ್ತದೆ. ಮಾರನೆಯ ಬೆಳಿಗ್ಗೆ ಮೇಲೆತ್ತುವಾಗ ಒಂದು ಬೆಲ್ಟು ಮಡಚಿ ಕೂರುತ್ತದೆ. ಮಡಿಕೆಯಿಂದ ಆ ಸುರುಳಿ ದಪ್ಪವಾಗುತ್ತದೆ, ದಪ್ಪ ಸುರುಳಿ ಒಂದು ಸುತ್ತಿಗೆ ಹೆಚ್ಚು ಬೆಲ್ಟು ಎಳೆಯುತ್ತದೆ, ಆ ಮೂಲೆ ಉಳಿದವಕ್ಕಿಂತ ಮೊದಲೇ ಚಾವಣಿಗೆ ಬಡಿಯುತ್ತದೆ. ಮಂಚ ಕೂತ ಕ್ಷಣವೇ ಬೆರಳು ತೆಗೆಯಿರಿ. ಮಡಚಿಕೊಂಡದ್ದು ಕಂಡರೆ ಪೂರ್ತಿ ಇಳಿಸಿ ಬೆಲ್ಟನ್ನು ಕೈಯಿಂದ ನೆಟ್ಟಗೆ ಮಾಡಿ, ತುಸು ಬಿಗಿಹಿಡಿದುಕೊಂಡೇ ಮೊದಲ ಸುತ್ತು ಸುತ್ತಿಸಿ. ಆಗ ಗುಂಡಿ ಒತ್ತುವುದು ಇನ್ನೊಬ್ಬರ ಕೆಲಸ, ನಿಮ್ಮ ಮಾತು ಕೇಳಿ ಮಾತ್ರ ಒತ್ತುವವರ ಕೆಲಸ. ಬೆರಳುಗಳು ದಂಡದಿಂದ ಒಂದು ಗೇಣಾದರೂ ದೂರವಿರಲಿ.

ಇನ್ನು ಹೊಂದಾಣಿಕೆ. ಬೆಲ್ಟಿನ ಅಥವಾ ಹಗ್ಗದ ತುದಿಯಲ್ಲಿ ಮರೆಯುಳ್ಳ (ಮೈಮೇಲೆ ತಿರುಪಿನ ಗೆರೆಯಿರುವ) ಒಂದು ಬೋಲ್ಟು, ಅದನ್ನು ಹಿಡಿದಿಡುವ ಲಾಕ್ ನಟ್ಟು ಇರುತ್ತದೆ. ಮೊದಲು ಬೋಲ್ಟಿಗೂ ಅದರ ಮನೆಗೂ ಅಡ್ಡಲಾಗಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ತಿರುಗಿಸಿದ್ದು ಎಷ್ಟು ಎಂದು ತಿಳಿಯಲು, ಬೇಕಾದರೆ ಮೊದಲಿನಂತೆ ಮಾಡಲು ಅದೇ ದಾರಿ. ಎಷ್ಟು ಸುತ್ತು ಎಂಬುದನ್ನು ಲೆಕ್ಕ ಹಾಕಿಯೇ ಶುರುಮಾಡಬಹುದು. ಸಾಮಾನ್ಯ ಮರೆಯ ಎಂ6 (6 ಮಿ.ಮೀ. ದಪ್ಪದ) ಬೋಲ್ಟು ಒಂದು ಸುತ್ತಿಗೆ 1 ಮಿ.ಮೀ. ಸರಿಯುತ್ತದೆ, ಎಂ8 ಆದರೆ 1.25 ಮಿ.ಮೀ., ಎಂ10 ಆದರೆ 1.5 ಮಿ.ಮೀ. ಒಂದು ಮೂಲೆ 5 ಮಿ.ಮೀ. ತಗ್ಗಿದ್ದು ಬೋಲ್ಟು ಎಂ8 ಆಗಿದ್ದರೆ ನಾಲ್ಕು ಸುತ್ತು. ಎರಡೂ ತುದಿಯಲ್ಲಿ ಎದುರುಬದುರು ಮರೆಯಿರುವ ಟರ್ನ್‌ಬಕಲ್ ಆದರೆ ಒಂದು ಸುತ್ತಿಗೆ ಇದರ ಎರಡರಷ್ಟು ಸರಿಯುತ್ತದೆ. ಭಾರ ಹೊತ್ತಿರುವಾಗ ತಿರುಗಿಸಬೇಡಿ, ಮರೆ ಕೀಳುತ್ತದೆ. ಮಂಚವನ್ನು ಆಸರೆಯ ಮೇಲೆ ಕೂರಿಸಿ, ಬೆಲ್ಟು ಸಡಿಲವಾದ ಮೇಲೆ ತಿರುಗಿಸಿ, ಎತ್ತಿ, ಇನ್ನೊಮ್ಮೆ ಅಳೆಯಿರಿ. ತಗ್ಗಿದ ಮೂಲೆಯನ್ನು ಏರಿಸುವುದು ಒಳ್ಳೆಯದು. ಉಳಿದ ಮೂರನ್ನು ಇಳಿಸಲು ಹೋದರೆ ಮೇಲಿನ ಚಿಲಕಗಳು ಸೇರುವುದಿಲ್ಲ.

ಇಲ್ಲಿಗೆ ಮುಗಿಯಿತು ಎಂದು ಬಿಡುವವರೇ ಹೆಚ್ಚು. ಆದರೆ ಗಟ್ಟಿ ಚೌಕಟ್ಟನ್ನು ನಾಲ್ಕು ಕಡೆ ತೂಗುಹಾಕಿದಾಗ, ಟೇಪಿನ ಪ್ರಕಾರ ಎಲ್ಲ ಸಮವಿದ್ದರೂ ಒಂದು ಬೆಲ್ಟು ಏನೂ ಹೊರದೆ ಸುಮ್ಮನೆ ನಿಂತಿರಬಹುದು. ಆಗ ಎದುರುಬದುರು ಮೂಲೆಯ ಎರಡು ಬೆಲ್ಟುಗಳು ಹೆಚ್ಚುಕಡಿಮೆ ಇಡೀ ಭಾರ ಹೊರುತ್ತವೆ. ಇದು ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ಮಂಚ ನಡು ಎತ್ತರದಲ್ಲಿ ತೂಗುತ್ತಿರುವಾಗ ಅದರ ಹೊರಬದಿಯಲ್ಲೇ ನಿಂತು, ಪ್ರತಿ ಬೆಲ್ಟಿನ ಬಯಲಾದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿ. ನಾಲ್ಕೂ ಒಂದೇ ಬಿಗಿಯಲ್ಲಿ ಒಳಸರಿಯಬೇಕು. ಒಂದು ಮೆತ್ತಗಿದ್ದರೆ ಅದನ್ನು ಅರ್ಧರ್ಧ ಸುತ್ತಿನಷ್ಟೇ ಬಿಗಿಮಾಡುತ್ತ ಬನ್ನಿ. ಕಟ್ಟಡದ ಲಿಫ್ಟಿನಲ್ಲೂ ಹಗ್ಗಗಳ ಬಿಗಿಯನ್ನು ಸಮಮಾಡುವುದು ನಿತ್ಯದ ಕೆಲಸ. ಅಲ್ಲಿ ಅದನ್ನು ಬಿಟ್ಟರೆ ಬಿಗಿಯಾದ ಹಗ್ಗವೇ ಮೊದಲು ಸವೆಯುತ್ತದೆ, ಇಲ್ಲೂ ಅಷ್ಟೇ. ಎಲ್ಲ ಆದ ಮೇಲೆ ಲಾಕ್ ನಟ್ಟು ಬಿಗಿದು, ಹೊಸ ಗೆರೆ ಎಳೆಯಿರಿ.

ಹಳಿ

ಹಾಸಿಗೆಯಿಂದ ಉದುರುವ ನೂಲು, ಹತ್ತಿಯ ಎಳೆ, ಕೂದಲು ಎಲ್ಲ ಹಳಿಯೊಳಗೆ ಸೇರುತ್ತವೆ. ಅದಕ್ಕೆ ಗ್ರೀಸು ಹಚ್ಚಿದರೆ ಕಪ್ಪು ಅಂಟಾಗಿ ಗಾಲಿಗಳನ್ನು ಹಿಡಿಯುತ್ತದೆ. ವ್ಯಾಕ್ಯೂಮಿನ ಕಿರಿದಾದ ಮೂತಿಯಿಂದ ಎಳೆದು, ಒಣ ಬಟ್ಟೆಯಿಂದ ಒರೆಸಿ. ಹಳೆಯ ಗ್ರೀಸು ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಬಟ್ಟೆ ಅದನ್ನು ತೆಗೆಯುತ್ತದೆ. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಆಮೇಲೆ ಒಣಗಿ ಟೆಫ್ಲಾನ್ ಪದರವಾಗುವ ಪಿಟಿಎಫ್‌ಇ ಸ್ಪ್ರೇ. ಅದನ್ನು ನೇರವಾಗಿ ಹಳಿಗೆ ಹೊಡೆಯದೆ ಬಟ್ಟೆಗೆ ಹೊಡೆದು ಹಳಿಗೆ ಸವರಿ. ಬೆಲ್ಟಿಗೆ ಹಾರಿದರೆ ಜಾರಲು ಶುರುವಾಗುತ್ತದೆ.

ಎಡ ಬಲದ ಹಳಿಗಳ ನಡುವಿನ ಅಂತರವನ್ನು ಮೇಲೆ, ನಡುವೆ, ಕೆಳಗೆ ಅಳೆದಿಡಿ. ಕೆಳಗೆ ಹೋದಂತೆ ಅಂತರ ಕಿರಿದಾದರೆ ಮಂಚ ಅಲ್ಲಿ ಬಿಗಿಹಿಡಿಯುತ್ತದೆ. ಸರಿಪಡಿಸಲು ಹಳಿಯ ಸ್ಕ್ರೂಗಳನ್ನು ಸಡಿಲಿಸಿ, ಕಿರಿದಾದ ಕಡೆ ಹಳಿಯ ಹಿಂದಿನ ತೆಳು ವಾಷರ್ ತೆಗೆಯಬಹುದು, ಅಗಲವಾದ ಕಡೆ ಸೇರಿಸಬಹುದು. ಆದರೆ ಹೊಸ ಜಾಗದಲ್ಲಿ ತೂತು ಕೊರೆಯಬೇಡಿ. ಈ ಗಾಡಿಗಳ ಗೋಡೆ ಬಹುಪಾಲು ತೆಳು ಹಾಳೆಗಳ ನಡುವೆ ಫೋಮ್ ತುಂಬಿದ ಪದರ. ಭಾರ ಹೊರುವ ಜಾಗಗಳಲ್ಲಿ ಮಾತ್ರ ಒಳಗೆ ಮರ ಅಥವಾ ಅಲ್ಯೂಮಿನಿಯಂ ಇಟ್ಟಿರುತ್ತಾರೆ. ಬೇರೆಡೆ ಹಾಕಿದ ಸ್ಕ್ರೂ ಹಿಡಿಯುವುದಿಲ್ಲ, ಹೆಚ್ಚು ಬಿಗಿದರೆ ಫೋಮ್ ಕುಸಿಯುತ್ತದೆ. ಸ್ಕ್ರೂ ತಿರುಗುತ್ತಲೇ ಇದ್ದು ಬಿಗಿಯಾಗದಿದ್ದರೆ ಅದಕ್ಕೆ ಕಡ್ಡಿ ತುರುಕಿ ಮುಚ್ಚುವ ಉಪಾಯ ಅಲಮಾರಿಗೆ ಸಾಕು, ಮಂಚಕ್ಕೆ ಸಾಲದು. ಹಳಿಯ ಸುತ್ತ ಗೋಡೆ ಮೆತ್ತಗಾಗಿದ್ದರೆ, ಉಬ್ಬಿದ್ದರೆ, ನೀರು ಒಳಗೆ ಇಳಿದಿದೆ. ಆಗ ಮಂಚ ಬಳಸುವುದನ್ನು ನಿಲ್ಲಿಸಿ ಗಾಡಿಯನ್ನು ವರ್ಕ್‌ಶಾಪಿಗೆ ಒಯ್ಯಬೇಕು.

ಮೋಟಾರಿನ ಸರದಿ

ಮೇಲಿನದೆಲ್ಲ ಸರಿಯಿದ್ದೂ ಮಂಚ ನಿಧಾನವಾದರೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆಯಿರಿ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ. ಆದರೆ ವಿಶ್ರಾಂತಿಯ ಅಂಕಿ ಪೂರ್ತಿ ಸತ್ಯ ಹೇಳುವುದಿಲ್ಲ. ಮಂಚ ಮೇಲೇರುತ್ತಿರುವಾಗ ಬ್ಯಾಟರಿಯ ಪಾಸಿಟಿವ್ ತುದಿಗೂ ಮೋಟಾರಿನ ಪಾಸಿಟಿವ್ ತುದಿಗೂ ನಡುವೆ ಮೀಟರ್ ಹಿಡಿಯಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದಾರಿಯಲ್ಲಿ ಶಕ್ತಿ ಸೋರುತ್ತಿದೆ: ಹಸಿರುಗಟ್ಟಿದ ತುದಿ, ಸಡಿಲ ಫ್ಯೂಸ್ ಮನೆ, ಸುಟ್ಟ ರಿಲೇ (ಸ್ವಿಚ್ಚಿನ ಸಂಕೇತದಿಂದ ಮೋಟಾರಿಗೆ ಕರೆಂಟು ಬಿಡುವ ಭಾಗ). ನೆಗೆಟಿವ್ ಕಡೆಯೂ ಇದೇ ಪರೀಕ್ಷೆ ಮಾಡಿ. ಭೂಸಂಪರ್ಕದ ಬೋಲ್ಟಿನ ತುಕ್ಕನ್ನು ಜನ ಕೊನೆಗೆ ನೋಡುತ್ತಾರೆ, ನೀವು ಮೊದಲೇ ನೋಡಿ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ಹೆಚ್ಚು ಆಂಪಿಯರಿನದು ಹಾಕಬೇಡಿ. ಮಂಚ ಎಲ್ಲೋ ಹಿಡಿಯುತ್ತಿದೆ ಎಂದು ಅದು ತಿಳಿಸುತ್ತಿದೆ. ಅದನ್ನು ಬಾಯಿಮುಚ್ಚಿಸಿದರೆ ಸುಡುವುದು ವೈರು.

ಒಂದೆರಡು ಸಲ ಏರಿಳಿಸಿದ ಮೇಲೆ ಮೋಟಾರು ತಾನೇ ನಿಂತರೆ ಗಾಬರಿ ಬೇಡ. ಅನೇಕ ಮೋಟಾರುಗಳಲ್ಲಿ ಬಿಸಿಯಾದಾಗ ನಿಲ್ಲಿಸುವ ರಕ್ಷಣೆ ಇರುತ್ತದೆ. ತಣ್ಣಗಾಗಲು ಬಿಡಿ.

ಮೇಲೆ ಕೆಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ಲಿಮಿಟ್ ಸ್ವಿಚ್ ನಿರ್ಧರಿಸುತ್ತದೆ. ಕೊಳವೆಯಾಕಾರದ ಮೋಟಾರುಗಳ ತಲೆಯಲ್ಲಿ ಎರಡು ಪುಟ್ಟ ಹೊಂದಾಣಿಕೆಯ ಸ್ಕ್ರೂಗಳಿರುತ್ತವೆ, ಮೇಲಿನದಕ್ಕೊಂದು ಕೆಳಗಿನದಕ್ಕೊಂದು. ಯಾವುದು ಯಾವುದಕ್ಕೆ ಎಂದು ಕೈಪಿಡಿ ನೋಡಿ, ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲ ಓಡಿಸಿ ನೋಡಿ. ಬೆಲ್ಟಿನ ಉದ್ದ ಸರಿಮಾಡದೆ ಲಿಮಿಟ್ ಮುಟ್ಟಬಾರದು. ಮೊದಲು ಮೂಲೆಗಳು, ಆಮೇಲೆ ಲಿಮಿಟ್. ಎರಡು ಮೋಟಾರು ಇರುವ ಮಂಚಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಎರಡೂ ಒಂದಕ್ಕೊಂದು ಹೊಂದದೆ ಹೋಗಬಹುದು. ಅವನ್ನು ಮತ್ತೆ ಜೊತೆಗೂಡಿಸುವ ಕ್ರಮ ಆಯಾ ತಯಾರಕರ ಕೈಪಿಡಿಯಲ್ಲಿರುತ್ತದೆ, ಊಹೆಯಿಂದ ಮಾಡುವಂಥದಲ್ಲ.

ಕರೆಂಟು ಪೂರ್ತಿ ಹೋದಾಗ ಕೈಯಿಂದ ತಿರುಗಿಸುವ ಷಡ್ಭುಜ ತುದಿ ಎಲ್ಲಿದೆ, ಅದರ ಹಿಡಿ ಎಲ್ಲಿದೆ ಎಂಬುದನ್ನು ಇವತ್ತೇ ನೋಡಿಡಿ. ಫ್ಯೂಸ್ ತೆಗೆದು, ಒಮ್ಮೆ ಕೈಯಿಂದ ಏರಿಸಿ ಇಳಿಸಿ. ಬೆಳಿಗ್ಗೆ ಹೊರಡಬೇಕಾದ ಹೊತ್ತಿನಲ್ಲಿ ಮಂಚ ಕೆಳಗೇ ಉಳಿದರೆ ಗಾಡಿ ಓಡಿಸುವಂತಿಲ್ಲ. ಆ ಹೊತ್ತಿನಲ್ಲಿ ಹುಡುಕುತ್ತ ಕೂರುವುದು ತಪ್ಪುತ್ತದೆ.

ಗ್ಯಾಸ್ ಸ್ಟ್ರಟ್ ಇರುವ ಮಂಚ

ಸ್ಟ್ರಟ್ಟಿನ ಕೊಳವೆಯಲ್ಲಿ ಒತ್ತಡದ ನೈಟ್ರೋಜನ್ ಮತ್ತು ತುಸು ಎಣ್ಣೆ ಇರುತ್ತದೆ. ಚಳಿಯಲ್ಲಿ ಅದರ ಬಲ ಕುಗ್ಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಿಂದ 0 ಡಿಗ್ರಿಗೆ ಇಳಿದರೆ ಸುಮಾರು ನೂರಕ್ಕೆ 7ರಷ್ಟು. ಹಾಗಾಗಿ ಚಳಿಗಾಲದ ಬೆಳಿಗ್ಗೆ ಮಂಚ ಭಾರವಾಯಿತೆಂದು ಕೂಡಲೇ ಹೊಸದು ಕೊಳ್ಳಬೇಕಿಲ್ಲ. ಗಾಡಿಯ ಒಳಗೆ ಬೆಚ್ಚಗಾದ ಮೇಲೆ ಇನ್ನೊಮ್ಮೆ ನೋಡಿ.

ಬಲ ಕುಂದಿದೆಯೇ ಎಂದು ತೋಳಿನ ಅಂದಾಜಿನಿಂದ ಹೇಳುವುದು ಕಷ್ಟ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಅದನ್ನು ಮಂಚದ ಹಿಡಿಗೆ ಸಿಕ್ಕಿಸಿ, ಮೇಲಿನಿಂದ ಇಳಿಯಲು ತೊಡಗುವಷ್ಟು ಎಳೆದಾಗ ಎಷ್ಟು ಕಿಲೋ ತೋರಿಸಿತು ಎಂದು ಬರೆದಿಡಿ. ಅದೇ ಹಾಸಿಗೆ, ಅದೇ ಹವೆ ಇರುವಾಗ ವರ್ಷಕ್ಕೊಮ್ಮೆ ಹೀಗೆ ಮಾಡಿದರೆ ಅಂಕಿ ಇಳಿಯುವುದು ಕಾಣುತ್ತದೆ. ಎಡಬಲದ ಸ್ಟ್ರಟ್ಟುಗಳಲ್ಲಿ ಒಂದು ಮಾತ್ರ ಸೋತಿದ್ದರೆ ಮಂಚ ತಿರುಚಿಕೊಂಡು ಇಳಿಯುತ್ತದೆ. ದಂಡದ ಮೇಲೆ ಎಣ್ಣೆಯ ಪಸೆ ಕಂಡರೆ ಒಳಗಿನ ಸೀಲು ಹೋಗಿದೆ. ದಂಡವನ್ನು ಒಣ ಬಟ್ಟೆಯಿಂದ ಒರೆಸುವುದಷ್ಟೇ ಅದಕ್ಕೆ ಬೇಕಾದ ಆರೈಕೆ, ಮೇಲಿನಿಂದ ಎಣ್ಣೆ ಹಚ್ಚುವುದು ಬೇಡ. ಗೀರು ಬಿದ್ದ ದಂಡ ಸೀಲನ್ನು ಕೊರೆಯುತ್ತದೆ.

ಬದಲಾಯಿಸುವಾಗ ಜೋಡಿಯಾಗಿಯೇ ಬದಲಾಯಿಸಿ. ಕೊಳವೆಯ ಮೇಲೆ ಬಲ ನ್ಯೂಟನ್‌ಗಳಲ್ಲಿ ಅಚ್ಚಾಗಿರುತ್ತದೆ. 500 ನ್ಯೂಟನ್ ಎಂದರೆ ಸುಮಾರು 51 ಕಿಲೋ ತೂಕದಷ್ಟು. ಅದರ ಜೊತೆ ಪೂರ್ತಿ ಚಾಚಿದಾಗಿನ ಉದ್ದ, ದಂಡ ಒಳಹೊಕ್ಕುವ ಅಳತೆ, ದಂಡ ಮತ್ತು ಕೊಳವೆಯ ದಪ್ಪ, ತುದಿಯ ಗುಂಡಿನ ಅಳತೆ, ಇಷ್ಟೂ ಹೊಂದಬೇಕು. ಇನ್ನೂ ಬಲವಾದದ್ದು ಹಾಕಿದರೆ ಸುಲಭವಾದೀತು ಎಂಬ ಆಸೆ ಬೇಡ. ಹೆಚ್ಚು ಬಲದ ಸ್ಟ್ರಟ್ಟು ಮಂಚವನ್ನು ಕೆಳಗೆ ನಿಲ್ಲಗೊಡುವುದಿಲ್ಲ, ಪ್ಲೈವುಡ್ಡಿಗೆ ಕೂರಿಸಿದ ಗುಂಡಿನ ಮೊಳೆಯನ್ನೇ ಕಿತ್ತುಹಾಕಬಹುದು. ಭಾರದ ಹಾಸಿಗೆ ತೆಗೆದು ಹಗುರದ್ದು ಹಾಕಿದವರಿಗೂ ಇದೇ ತೊಂದರೆ ಬರುತ್ತದೆ, ಮಂಚ ತಾನಾಗಿ ಮೇಲೇಳಲು ನೋಡುತ್ತದೆ.

ಸ್ಟ್ರಟ್ಟು ಪೂರ್ತಿ ಚಾಚಿರುವ ಸ್ಥಿತಿಯಲ್ಲಿ ಮಾತ್ರ ಬಿಚ್ಚಿ. ಬಹುಪಾಲು ಮಂಚಗಳಲ್ಲಿ ಅದು ಮಂಚ ಮೇಲಿದ್ದಾಗ. ಕಂಬದ ಆಸರೆ ಕೊಟ್ಟು, ಗುಂಡಿನ ಮನೆಯ ಸ್ಪ್ರಿಂಗ್ ಕ್ಲಿಪ್ಪನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ತುಸು ಎತ್ತಿದರೆ ಸಾಕು, ಪೂರ್ತಿ ಕೀಳಬೇಕಿಲ್ಲ. ಹಳೆಯದನ್ನು ಯಾವ ತುದಿ ಕೆಳಗೆ ಇಟ್ಟು ಕೂರಿಸಿದ್ದರೋ ಹೊಸದನ್ನೂ ಹಾಗೇ ಕೂರಿಸಿ. ತೆಗೆದ ಸ್ಟ್ರಟ್ಟನ್ನು ಕೊರೆಯುವುದು, ಕಾಯಿಸುವುದು, ಬೆಂಕಿಗೆ ಎಸೆಯುವುದು ಜೀವಕ್ಕೇ ಅಪಾಯ, ಒಳಗಿನ ಒತ್ತಡ ಹಾಗೇ ಇರುತ್ತದೆ.

ಕತ್ತರಿ ತೋಳಿನ ಕೀಲುಗಳಿಗೆ ಒಂದೊಂದು ಹನಿ ಕೀಲೆಣ್ಣೆ, ಹೆಚ್ಚಾದದ್ದನ್ನು ಒರೆಸಿಬಿಡಿ. ಕೀಲಿನ ನಟ್ಟನ್ನು ಇದ್ದ ಶಕ್ತಿಯೆಲ್ಲ ಹಾಕಿ ಬಿಗಿಯುವಂತಿಲ್ಲ. ಅಲುಗಾಟ ಹೋಗಬೇಕು, ತಿರುಗುವುದು ಉಳಿಯಬೇಕು. ಒಳಗೆ ನೈಲಾನ್ ಇರುವ ನಟ್ಟು ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿದ್ದರೆ ಹೊಸದು ಹಾಕಿ. ಎಲ್ಲ ಮುಖ್ಯ ನಟ್ಟುಗಳ ಮೇಲೂ ಬಣ್ಣದ ಗೆರೆ ಇದ್ದರೆ, ಮುಂದೆ ಒಂದು ನೋಟದಲ್ಲೇ ಯಾವುದು ತಿರುಗಿದೆ ಎಂದು ತಿಳಿಯುತ್ತದೆ.

ಹಾಸಿಗೆ, ತೇವ, ದೀಪ

ಎಷ್ಟೋ ಮಂಚಗಳು ಕೆಡುವುದು ಮೇಲಿಂದ ಹೇರಿದ ಹೆಚ್ಚುವರಿ ಹಾಸಿನಿಂದ. ಇನ್ನೊಂದು ಮೆತ್ತನೆ ಪದರ, ದಪ್ಪ ರಜಾಯಿ, ನಾಲ್ಕು ದಿಂಬು, ಎಲ್ಲವನ್ನೂ ಬಿಟ್ಟು ಮೇಲೆತ್ತಿದರೆ ಮಂಚ ಚಿಲಕದವರೆಗೆ ಹೋಗುವುದಿಲ್ಲ, ಮೋಟಾರು ಅವನ್ನು ಚಾವಣಿಗೆ ಒತ್ತುತ್ತ ಒದ್ದಾಡುತ್ತದೆ. ದಿಂಬು ರಜಾಯಿಗಳನ್ನು ಬೇರೆ ಕಡೆ ಇಡಿ. ಉಳಿದದ್ದನ್ನು ಎಲ್ಲ ಕಡೆ ಸಮವಾಗಿ ಹಾಸಿ, ಒಂದೇ ಮೂಲೆಗೆ ಒಟ್ಟಬೇಡಿ.

ಉಸಿರು, ಬೆವರಿನ ತೇವ ಹಾಸಿಗೆಯ ಅಡಿಯಲ್ಲಿ ನೀರಾಗಿ ಕೂರುತ್ತದೆ. ಎದ್ದ ತಕ್ಷಣ ಮಂಚ ಮೇಲೆತ್ತಿದರೆ ಅದು ಆರುವುದಿಲ್ಲ, ಬೂಷ್ಟು ಬರುತ್ತದೆ. ಕಿಟಕಿ ತೆರೆದು ಹಾಸಿಗೆಯನ್ನು ತುಸು ಎತ್ತಿ ನಿಲ್ಲಿಸಿ, ನಾವು ತಿಂಡಿ ಮುಗಿಸುವವರೆಗೂ ಹಾಗೇ ಬಿಡುತ್ತೇವೆ. ಅಡಿಯ ಮರದ ರೀಪುಗಳ ತುದಿ ಹಿಡಿದಿರುವ ಪ್ಲಾಸ್ಟಿಕ್ ಮನೆಗಳನ್ನೂ ಅದೇ ಹೊತ್ತಿನಲ್ಲಿ ನೋಡಬಹುದು. ಒಂದು ಸೀಳಿದರೆ ಪಕ್ಕದ ರೀಪುಗಳ ಮೇಲೆ ಭಾರ ಬಿದ್ದು ಅವೂ ಮುರಿಯುತ್ತವೆ.

ಮಂಚದ ಬದಿಯ ಓದುವ ದೀಪ ಆರದೆ ಮಂಚ ಮೇಲೇರಿದರೆ, ಬಿಸಿ ದೀಪ ಹಾಸಿಗೆಗೆ ಒತ್ತಿಕೊಂಡು ಬೆಂಕಿ ಹತ್ತಬಹುದು. ಹಳೆಯ ಹ್ಯಾಲೊಜನ್ ದೀಪವಿದ್ದರೆ ಎಲ್‌ಇಡಿಗೆ ಬದಲಾಯಿಸಿ. ಮಂಚ ಎತ್ತಿದಾಗ ದೀಪ ತಾನಾಗಿ ಆರಿಸುವ ಸ್ವಿಚ್ ಇದ್ದರೆ ಅದು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿ. ಮಂಚದ ಜೊತೆ ಏರಿಳಿಯುವ ವೈರು ಒಂದೇ ಜಾಗದಲ್ಲಿ ಮಡಚಿ ಮಡಚಿ ಒಳಗೆ ತುಂಡಾಗುತ್ತದೆ. ದೀಪ ಒಂದು ಎತ್ತರದಲ್ಲಿ ಉರಿದು ಇನ್ನೊಂದರಲ್ಲಿ ಆರಿದರೆ ಮೊದಲು ಆ ಮಡಿಕೆಯನ್ನೇ ನೋಡಿ.

ಬಳಸುವ ಮುನ್ನ

ಹೊಂದಾಣಿಕೆ ಮುಗಿದ ಮೇಲೆ ಬರಿ ಚೌಕಟ್ಟನ್ನು ಒಮ್ಮೆ ಪೂರ್ತಿ ಏರಿಸಿ ಇಳಿಸಿ, ಕಿವಿಗೊಟ್ಟು ಕೇಳಿ. ಮುಂದಿನ ಸಲ ಹಾಸಿಗೆ ಹಾಕಿ. ಚಿಲಕಗಳು, ಪ್ರಯಾಣದಲ್ಲಿ ಕಟ್ಟುವ ಪಟ್ಟಿಗಳು ಬಲವಂತವಿಲ್ಲದೆ ಸೇರಬೇಕು. ಕಟ್ಟಿದ ಮೇಲೆ ಮಂಚವನ್ನು ಕೈಯಿಂದ ಕೆಳಗೆ ಎಳೆದು ನೋಡಿ, ಕದಲಬಾರದು. ಆಮೇಲೆ ಕೆಳಗಿಳಿಸಿ, ಮೊದಲು ಒಬ್ಬರು ಅಂಚಿನಲ್ಲಿ ಕೂತು, ನಂತರ ಇಬ್ಬರೂ ಮಲಗಿ. ಮಕ್ಕಳು ಮಲಗುವುದಾದರೆ ತಡೆಯ ಬಲೆಯ ಕೊಕ್ಕೆಗಳನ್ನು ಒಂದೊಂದಾಗಿ ಜಗ್ಗಿ ನೋಡಿದ ಮೇಲೇ ಅವರನ್ನು ಹತ್ತಿಸಿ.

ಮಾರನೆಯ ಬೆಳಿಗ್ಗೆ ನಾಲ್ಕು ಮೂಲೆಗಳನ್ನು ಮತ್ತೆ ಅಳೆಯಿರಿ. ಹೊಸ ಬೆಲ್ಟು ಹಾಕಿದ್ದರೆ ಅದು ಭಾರಕ್ಕೆ ತುಸು ಜಗ್ಗಿರುತ್ತದೆ, ಅರ್ಧ ಸುತ್ತಿನ ಕೆಲಸ ಉಳಿದಿರುತ್ತದೆ. ಕೆಟ್ಟ ರಸ್ತೆಯಲ್ಲಿ ಒಂದು ದಿನ ಓಡಿದ ಮೇಲೆ ಬಣ್ಣದ ಗೆರೆಗಳನ್ನು ನೋಡಿ. ಯಾವುದೂ ಸರಿದಿಲ್ಲವಾದರೆ ಅಂಕಿಗಳನ್ನು ದಿನಾಂಕದ ಜೊತೆ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಮುಂದಿನ ಅಳತೆಯನ್ನು ಅವುಗಳ ಜೊತೆಯೇ ಹೋಲಿಸಬೇಕು.